ಬೀಚ್ ಹತ್ತಿರವೇ ತಾತನ ವಿಮಾನ

“ಗೋವಾಕ್ಕೆ ಬಂದು ಮ್ಯೂಸಿಯಂ ನೋಡ್ತೀಯೇನೋ?” ಅಂತ ಫ್ರೆಂಡ್ಸ್ ನಕ್ಕರು. ಅವರನ್ನು ಬೊಗ್ಮಾಲೊ ಬೀಚಲ್ಲಿ ಬಿಟ್ಟು, ಹತ್ತಿರದಲ್ಲೇ ಇರುವ ನೌಕಾಪಡೆಯ ವಿಮಾನ ಮ್ಯೂಸಿಯಂಗೆ ಒಬ್ಬನೇ ಹೋದೆ.

ನಾವು ಬಂದಿಳಿದಿದ್ದ ದಾಬೋಲಿಂ ರನ್‌ವೇ ಕೂಡ ಹಳೇ ಕಥೆಯದ್ದೇ. ಅದು ಪೋರ್ಚುಗೀಸರ ಕೈಯಲ್ಲಿದ್ದಾಗ, 1961ರ ಡಿಸೆಂಬರ್‌ನಲ್ಲಿ, ನಮ್ಮ ವಾಯುಪಡೆ ಅದರ ಮೇಲೆ ಬಾಂಬ್ ಹಾಕಿತ್ತು.

ಮ್ಯೂಸಿಯಂ ಅಂಗಳದಲ್ಲಿ ಸೀ ಹಾಕ್ ಇದೆ. 1971ರ ಯುದ್ಧದಲ್ಲಿ ಐಎನ್‌ಎಸ್ ವಿಕ್ರಾಂತ್‌ನಿಂದ ಹಾರಿದ್ದು ಇದೇ ಬಗೆಯ ವಿಮಾನಗಳು. ನಾಲ್ಕು ಎಂಜಿನ್ನಿನ ಸೂಪರ್ ಕಾನ್‌ಸ್ಟಲೇಶನ್ ಕೂಡ ಇದೆ. ಆದರೆ ನನ್ನ ಕಾಲು ನಿಂತಿದ್ದು ಪುಟ್ಟ ಎಚ್‌ಟಿ-2 ಮುಂದೆ. ವಿ.ಎಂ. ಘಾಟಗೆ ನೇತೃತ್ವದಲ್ಲಿ ಬೆಂಗಳೂರಲ್ಲೇ ವಿನ್ಯಾಸವಾಗಿ, 1951ರಲ್ಲಿ ಮೊದಲ ಸಲ ಹಾರಿದ ತರಬೇತಿ ವಿಮಾನ.

ನಮ್ಮ ತಾತ ಆ ಕಾರ್ಖಾನೆಯಲ್ಲಿ ರಿವೆಟ್ ಹೊಡೀತಿದ್ರು. ಊಟಕ್ಕೆ ಕೂತಾಗೆಲ್ಲ ಅದೇ ಮಾತು. ನಾನು ಮೊಬೈಲ್ ನೋಡ್ತಾ “ಹೂಂ” ಅಂತಿದ್ದೆ. ರೆಕ್ಕೆಗೋ, ಬಾಲಕ್ಕೋ, ಕೇಳಲೇ ಇಲ್ಲ. ಈಗ ತಾತ ಇಲ್ಲ.

ನಾನು ಬರೆದ ಕೋಡ್ ಎರಡು ವರ್ಷ ಉಳಿದರೆ ದೊಡ್ಡದು. ಇಲ್ಲಿ ರಿವೆಟ್‌ಗಳು ಸಾಲಾಗಿ ಹಾಗೇ ಇವೆ.

ಅಪ್ಪನಿಗೆ ಫೋಟೋ ಕಳಿಸಿದೆ. ತಕ್ಷಣ ಫೋನ್ ಬಂತು. “ರೆಕ್ಕೆ ಹತ್ತಿರದಿಂದ ತೆಗಿಯೋ. ತಾತ ಮಾಡ್ತಿದ್ದಿದ್ದು ಅದನ್ನೇ ಕಣೋ.”

ಆಮೇಲೆ ಅಪ್ಪ ಅರ್ಧ ಗಂಟೆ ಮಾತಾಡಿದರು. ಈ ಸಲ ಪೂರ್ತಿ ಕೇಳಿಸಿಕೊಂಡೆ.