ಋತುಚರ್ಯೆ: ಮಾಗಿಯ ಮಂಜೂ ಮನೆಯ ಹೊಗೆಯೂ

ಹುತ್ತರಿಯ ಕದಿರು ಮನೆಗೆ ಬಂದುದಾಯಿತು. ಕಾಫಿಯ ತೋಟಗಳಲ್ಲಿ ಹಣ್ಣು ಕೊಯ್ಯುವ ಕೆಲಸ ಮೊದಲಾಗಿದೆ. ಕಾವೇರಿಯ ದಂಡೆಯ ಊರುಗಳಲ್ಲಿ ಬೆಳಗಿನ ಹೊತ್ತು ಎದುರುಮನೆಯ ಬಾಗಿಲೇ ಕಾಣದಂತೆ ಮಂಜು ಕವಿಯುವ ಕಾಲವಿದು. ಈ ತಿಂಗಳು ನಮ್ಮ ವಾಚಕರೊಡನೆ, ಅವರಲ್ಲಿಯೂ ಮನೆವಾರ್ತೆಯ ಹೊಣೆ ಹೊತ್ತ ಸೋದರಿಯರೊಡನೆ, ಉಸಿರಾಡುವ ಗಾಳಿಯ ವಿಚಾರವಾಗಿ ನಾಲ್ಕು ಮಾತನಾಡಬೇಕೆಂದು ನಮ್ಮ ಅಪೇಕ್ಷೆ.

ಕೊಡಗಿನ ಗಾಳಿಗೆ ಏನು ಕೊರತೆ ಬಂದಿತೆಂದು ಕೆಲವರು ಕೇಳಿಯಾರು. ಪ್ರಶ್ನೆ ನ್ಯಾಯವಾದುದೇ. ಮಡಿಕೇರಿಯ ಸ್ಟುವರ್ಟ್ ಹಿಲ್ಲಿನಲ್ಲಿ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಲಿಯವರು ಗಾಳಿಯನ್ನು ಅಳೆಯುವ ಯಂತ್ರವನ್ನಿಟ್ಟಿದ್ದಾರೆ. ದೇಶದಲ್ಲಿ ಶುದ್ಧವಾದ ಗಾಳಿಯುಳ್ಳ ಊರುಗಳ ಪಟ್ಟಿಯಲ್ಲಿ ಮಡಿಕೇರಿಯ ಹೆಸರು ಅನೇಕ ಸಾರಿ ಮೇಲುಗಡೆ ಕಾಣಿಸಿಕೊಂಡಿರುವುದನ್ನು ಪತ್ರಿಕೆಗಳನ್ನೋದುವವರು ಬಲ್ಲರು. ಇದು ಸಂತೋಷದ ಸಂಗತಿಯೇ ಸರಿ. ಆದರೆ ಆ ಯಂತ್ರವು ಹೇಳುವುದು ಬೆಟ್ಟದ ಮೇಲಿನ ಗಾಳಿಯ ಸುದ್ದಿಯನ್ನು. ಅಲ್ಲಿಂದ ಸುಮಾರು ೩೦ ಕಿಲೋಮೀಟರು ಮೂಡಲಿಗೆ, ಸುಮಾರು ೩೦೦ ಮೀಟರು ತಗ್ಗಿನಲ್ಲಿ, ಹಿಂದೆ ಫ್ರೇಜರ್‌ಪೇಟೆಯೆಂದು ಕರೆಯಿಸಿಕೊಳ್ಳುತ್ತಿದ್ದ ಕುಶಾಲನಗರವಿದೆ. ಸಮೀಪದ ಕೂಡಿಗೆಯಲ್ಲಿ ಹಾರಂಗಿಯು ಕಾವೇರಿಯನ್ನು ಸೇರುತ್ತದೆ. ಹೊಳೆಯ ಮಗ್ಗುಲಿನ ಇಂತಹ ಊರಿನ ಗಾಳಿಗೆ ಅದರದೇ ಆದ ನಡೆಯುಂಟು.

ಆ ನಡೆಯನ್ನು ತಿಳಿಯುವುದು ಕಷ್ಟವಲ್ಲ. ಮಾಗಿಯ ರಾತ್ರಿ ಆಕಾಶವು ತಿಳಿಯಾಗಿರುವಾಗ ನೆಲವು ಹಗಲಿನ ಕಾವನ್ನು ಬೇಗನೆ ಕಳೆದುಕೊಳ್ಳುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ತಣ್ಣನೆಯ ಗಾಳಿಯು ಭಾರವಾದುದು. ಇಳಿಜಾರಿನಲ್ಲಿ ನೀರು ಹರಿಯುವಂತೆ ಅದು ಗುಡ್ಡದ ಓರೆಗಳಿಂದ ಇಳಿದು ಬಂದು ತಗ್ಗಿನಲ್ಲಿ ನಿಲ್ಲುತ್ತದೆ. ಅದರ ಮೇಲೆ ಬೆಚ್ಚಗಿನ ಗಾಳಿಯ ಪದರವು ಮುಚ್ಚಳದಂತೆ ಕುಳಿತುಕೊಳ್ಳುತ್ತದೆ. ಹೊಳೆಯ ತೇವವು ಈ ತಂಪಿನಲ್ಲಿ ಮಂಜಾಗುತ್ತದೆ. ಬಿಸಿಲೇರಿ ನೆಲವು ಕಾದು ಗಾಳಿಯು ಮೇಲಕ್ಕೇಳುವವರೆಗೆ ಆ ಮುಚ್ಚಳವು ತೆರೆಯುವುದಿಲ್ಲ.

ಮಂಜು ತಾನಾಗಿ ಕೇಡಿನದಲ್ಲ. ಅದು ಬರಿಯ ನೀರಿನ ಹನಿ. ಅದರೊಳಗೆ ನಾವು ಬೆರಸುವುದರಲ್ಲಿ ಕೇಡುಂಟು. ನಸುಕಿನಲ್ಲಿಯೇ ಬಚ್ಚಲ ಒಲೆಗಳು ಉರಿಯುತ್ತವೆ. ಅಂಗಳ ಗುಡಿಸಿದ ತರಗೆಲೆಗೆ ಒಬ್ಬರು ಬೆಂಕಿಯಿಟ್ಟರೆ, ಕಸದ ಗುಡ್ಡೆಗೆ ಪ್ಲಾಸ್ಟಿಕ್ಕನ್ನೂ ಸೇರಿಸಿ ಇನ್ನೊಬ್ಬರು ಬೆಂಕಿಯಿಡುತ್ತಾರೆ. ಹೆದ್ದಾರಿಯಲ್ಲಿ ಲಾರಿಗಳು ಮೊದಲೇ ಓಡುತ್ತಿರುತ್ತವೆ. ಬೇರೆ ಕಾಲದಲ್ಲಿ ಚೆದರಿಹೋಗುವ ಈ ಹೊಗೆಯೆಲ್ಲ ಮಾಗಿಯ ಬೆಳಗಿನಲ್ಲಿ ಮುಚ್ಚಳದ ಕೆಳಗೆ ಸಿಕ್ಕಿಕೊಂಡು, ಮಕ್ಕಳು ಶಾಲೆಗೆ ಹೊರಡುವ ಹೊತ್ತಿನಲ್ಲಿ ಅವರ ಮೂಗಿನ ಮಟ್ಟದಲ್ಲಿಯೇ ನಿಂತಿರುತ್ತದೆ.

ಹೊಗೆಯಲ್ಲಿ ಎಲ್ಲಕ್ಕಿಂತ ಅಪಾಯಕರವಾದುದು ಅದರ ಅತಿ ಸೂಕ್ಷ್ಮವಾದ ಕಣ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗೆ ಮೈಕ್ರಾನೆಂದು ಹೆಸರು. ಎರಡೂವರೆ ಮೈಕ್ರಾನಿಗಿಂತ ಚಿಕ್ಕದಾದ ಕಣವನ್ನು ಮೂಗಾಗಲಿ ಗಂಟಲಾಗಲಿ ತಡೆಯಲಾರದು. ಅದು ಪುಪ್ಪುಸದ ಆಳಕ್ಕಿಳಿಯುತ್ತದೆ, ಅದರಲ್ಲಿ ಕೆಲವಂಶವು ರಕ್ತಕ್ಕೂ ಸೇರುತ್ತದೆ. ಒಂದು ಘನಮೀಟರು ಗಾಳಿಯಲ್ಲಿ ಇಂತಹ ಕಣಗಳು ದಿನವೊಂದರ ಸರಾಸರಿಯಲ್ಲಿ ೬೦ ಮೈಕ್ರೋಗ್ರಾಮನ್ನು ಮೀರಬಾರದೆಂದು ೨೦೦೯ರಲ್ಲಿ ನಮ್ಮ ದೇಶವು ವಿಧಿಸಿತು. ೨೦೨೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ೧೫ನ್ನೇ ಮಿತಿಯೆಂದು ಸೂಚಿಸಿತು. ಎರಡಕ್ಕೂ ಇರುವ ಅಂತರವನ್ನು ನೋಡಿದರೆ, ಕಾನೂನಿನ ಮಿತಿಯೊಳಗೆ ಇದ್ದ ಮಾತ್ರಕ್ಕೆ ನಿಶ್ಚಿಂತೆಯಿಂದಿರಲಾಗದೆಂದು ತಿಳಿಯುವುದು.

ಮಳೆಗಾಲದ ಕಥೆಯು ಇದಕ್ಕೆ ವಿರುದ್ಧವಾದುದು. ಆರಿದ್ರೆ ಪುನರ್ವಸುಗಳ ಮಳೆಯು ಹೊರಗಿನ ಗಾಳಿಯನ್ನು ತೊಳೆದು ಮಡಿಮಾಡುತ್ತದೆ. ಆಗ ಕೆಡುವುದು ಒಳಗಿನ ಗಾಳಿ. ಬಾಗಿಲು ಕಿಟಕಿಗಳು ಮುಚ್ಚಿರುತ್ತವೆ; ಬಟ್ಟೆ ಒಣಗುವುದಿಲ್ಲ; ಗೋಡೆಯಲ್ಲಿ, ಪೆಟ್ಟಿಗೆಯಲ್ಲಿ, ಚಾಪೆಯ ಅಡಿಯಲ್ಲಿ ಬೂಷ್ಟು ಹಿಡಿಯುತ್ತದೆ. ೨೦೧೮ ಮತ್ತು ೨೦೧೯ರ ಆಗಸ್ಟ್ ತಿಂಗಳಲ್ಲಿ ಕುಶಾಲನಗರದ ತಗ್ಗಿನ ಬಡಾವಣೆಗಳಿಗೆ ಕಾವೇರಿಯು ನುಗ್ಗಿದುದನ್ನು ಯಾರೂ ಮರೆತಿಲ್ಲ. ನೀರು ಇಳಿದ ಮನೆಯ ಗೋಡೆಯು ಮೇಲೆ ಒಣಗಿದಂತೆ ಕಂಡರೂ ಒಳಗೆ ಬಹುಕಾಲ ಹಸಿಯಾಗಿಯೇ ಇರುತ್ತದೆ. ಅದಕ್ಕೆ ಅವಸರದಿಂದ ಬಣ್ಣ ಬಳಿದರೆ ತೇವವು ಒಳಗೇ ನಿಂತು ಬೂಷ್ಟು ಮರಳಿ ಏಳುತ್ತದೆ. ಉಬ್ಬಸವುಳ್ಳವರಿಗೆ ಆ ಬೂಷ್ಟೇ ಶತ್ರು. ಮಾಗಿಯ ಹಗಲಿನ ಬಿಸಿಲು ಗೋಡೆಗಳನ್ನು ಒಣಗಿಸಲು ದೇವರಿತ್ತ ಸಮಯ. ಮಧ್ಯಾಹ್ನ ಕಿಟಕಿಗಳನ್ನೆಲ್ಲ ತೆರೆದು, ಹಾಸಿಗೆ ಪೆಟ್ಟಿಗೆಗಳನ್ನು ಬಿಸಿಲಿಗೆ ಹಾಕಬೇಕು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮಳೆಯಲ್ಲಿ ಬಟ್ಟೆ ಒಣಗಿಸಲೂ ಚಳಿಯಲ್ಲಿ ಮೈ ಕಾಯಿಸಲೂ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಗೆ ತರುವ ರೂಢಿಯುಂಟು. ಇದ್ದಿಲ ಕೆಂಡದಲ್ಲಿ ಹೊಗೆಯಿಲ್ಲ, ಆದುದರಿಂದ ಭಯವಿಲ್ಲವೆಂದು ಹಲವರ ನಂಬಿಕೆ. ನಂಬಿಕೆಯು ಸುಳ್ಳು. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನೆತ್ತರಿನಲ್ಲಿ ಪ್ರಾಣವಾಯುವನ್ನು ಹೊರುವ ವಸ್ತುವಿಗೆ ಅದು ಪ್ರಾಣವಾಯುವಿಗಿಂತ ಇನ್ನೂರು ಪಾಲಿಗೂ ಮಿಗಿಲಾದ ಬಲದಿಂದ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಹೊಟ್ಟೆ ತೊಳಸುವಿಕೆ, ಮಂಪರು. ಮಲಗಿದವರಿಗಾದರೆ ಇವುಗಳ ಅರಿವೂ ಆಗದು, ಅವರು ಏಳುವುದೇ ಇಲ್ಲ. ಆದಕಾರಣ ಕೆಂಡವನ್ನಿಟ್ಟುಕೊಂಡು ಎಂದಿಗೂ ಮಲಗಬಾರದು. ಎಚ್ಚರವಾಗಿರುವಾಗಲೂ ಕಿಟಕಿಯು ತೆರೆದಿರಬೇಕು. ಬಾಣಂತಿಯ ಕೋಣೆಗೂ ಹಸುಗೂಸಿನ ತೊಟ್ಟಿಲ ಬಳಿಗೂ ಅದನ್ನು ತರಲೇ ಕೂಡದು. ಯಾರಾದರೂ ಮಂಪರಿನಿಂದ ಬಿದ್ದರೆ ಕೂಡಲೆ ಬಯಲಿಗೆ ತಂದು, ೧೦೮ಕ್ಕೆ ಕರೆಮಾಡಿ, ಆಸ್ಪತ್ರೆಗೆ ಸಾಗಿಸತಕ್ಕದ್ದು.

ಇನ್ನು ಒಲೆಯ ಮಾತು. ಅಡಿಗೆಗೆ ಗ್ಯಾಸು ಬಂದ ಮನೆಗಳಲ್ಲಿಯೂ ಬಚ್ಚಲ ಹಂಡೆಗೆ ಸೌದೆಯೇ ಗತಿಯಾಗಿರುವುದುಂಟು. ಹಸಿ ಸೌದೆಯು ತನ್ನ ಕಾವನ್ನು ನೀರನ್ನಾರಿಸುವುದಕ್ಕೇ ವೆಚ್ಚಮಾಡಿ, ಕಡಮೆ ಉರಿದು ಹೆಚ್ಚು ಹೊಗೆಯುತ್ತದೆ. ಬೇಸಗೆಯಲ್ಲಿಯೇ ಸೌದೆಯನ್ನು ಸೀಳಿ ಸೂರಿನಡಿಯಲ್ಲಿ ಒಟ್ಟಿಟ್ಟವರಿಗೆ ಸೌದೆಯೂ ಉಳಿಯುವುದು, ಕಣ್ಣೂ ಉಳಿಯುವುದು. ಹೊಗೆಯನ್ನು ಕೊಳವೆಯ ಮೂಲಕ ಹೊರಕ್ಕೆ ಕಳುಹುವ ಒಲೆಯು ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ೧೯೭೪ರಲ್ಲಿ ಹುಟ್ಟಿದ ‘ಅಸ್ತ್ರ’ವೆಂಬ ಗ್ರಾಮೋಪಯೋಗಿ ವಿಭಾಗದವರು ರೂಪಿಸಿದ ‘ಅಸ್ತ್ರ ಒಲೆ’ಯು ಕರ್ನಾಟಕದ ಅನೇಕ ಹಳ್ಳಿಗಳಿಗೆ ಬಂದಿತು. ಆದರೆ ಕೊಳವೆಯು ನಮ್ಮ ಕಣ್ಣನ್ನು ಕಾಯುವುದೇ ಹೊರತು ನೆರೆಯವರ ಉಸಿರನ್ನು ಕಾಯದು. ಆದುದರಿಂದ ಒಣ ಸೌದೆಯೂ ಬೇಕು, ಹೊತ್ತಿನ ವಿವೇಕವೂ ಬೇಕು.

ಆ ವಿವೇಕಕ್ಕೆ ಯಂತ್ರವೇನೂ ಬೇಕಿಲ್ಲ. ಬೆಳಿಗ್ಗೆ ಬಚ್ಚಲ ಕೊಳವೆಯ ಹೊಗೆಯನ್ನು ನೋಡಿರಿ. ಅದು ನೆಟ್ಟಗೆ ಮೇಲಕ್ಕೆ ಹೋಗಿ ಕಾಣದಾದರೆ ಗಾಳಿಯು ಆಡುತ್ತಿದೆ. ಸ್ವಲ್ಪ ಮೇಲೇರಿ, ಮಾಡಿನ ಮಟ್ಟದಲ್ಲಿ ಹಾಸಿದ ಬಟ್ಟೆಯಂತೆ ಅಡ್ಡಲಾಗಿ ಹರಡಿ ನಿಂತರೆ ಮುಚ್ಚಳವು ಬಿದ್ದಿದೆಯೆಂದು ತಿಳಿಯಿರಿ. ಅಂತಹ ದಿನ ಮುದುಕರೂ ಉಬ್ಬಸದವರೂ ಬಿಸಿಲು ಮಂಜನ್ನು ಹರಿದ ಬಳಿಕವೇ ತಿರುಗಾಟಕ್ಕೆ ಹೊರಡುವುದು ಲೇಸು. ಪ್ಲಾಸ್ಟಿಕ್ಕನ್ನು ಯಾವ ದಿನವೂ ಸುಡಬಾರದು. ತರಗೆಲೆಯನ್ನು ಸುಡುವುದಂತೂ ಕೊಡಗಿನವರಿಗೆ ಒಪ್ಪದು. ಕಾಫಿಯ ಬುಡಕ್ಕೆ ಹಾಕಿದರೆ ಅದೇ ಗೊಬ್ಬರ, ಅದೇ ನೆಲದ ತಂಪು.

ಬೆಟ್ಟದ ಗಾಳಿಯನ್ನು ಮಳೆಯೂ ಕಾಡೂ ಕಾಯುತ್ತವೆ. ಕಣಿವೆಯ ಗಾಳಿಯನ್ನು ಅಲ್ಲಿಯ ಮನೆಗಳೇ ಕಾಯಬೇಕು. ಒಂದು ಮನೆಯ ಹೊಗೆಯು ಹತ್ತು ಮನೆಯ ಮಕ್ಕಳ ಉಸಿರಾಗುವ ಈ ಎರಡು ತಿಂಗಳು, ಬೆಂಕಿಕಡ್ಡಿಯನ್ನು ಗೀರುವ ಮುನ್ನ ಒಮ್ಮೆ ಸೂರಿನ ಕಡೆಗೆ ಕಣ್ಣೆತ್ತಿ ನೋಡಬೇಕೆಂದು ನಮ್ಮ ಸೋದರಿಯರಲ್ಲಿ ನಮ್ಮ ಬಿನ್ನಹ.