ಮೂಳೆಗೆ ಜಾತಿ ಸಿಕ್ಕರೆ ಹೆಸರು ಸಿಕ್ಕಂತಲ್ಲ

ಪತ್ರಿಕೆಯ ಜಿಲ್ಲಾ ಪುಟದ ಮೂಲೆಯಲ್ಲಿ ಆಗಾಗ ಕಾಣುವ ಪ್ರಕಟಣೆಯೊಂದಿದೆ: ಅಪರಿಚಿತ ಶವ ಪತ್ತೆ, ಸುಮಾರು 45 ವರ್ಷ, 5.5 ಅಡಿ ಎತ್ತರ, ದುಂಡು ಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು, ನೀಲಿ ಶರ್ಟ್, ವಾರಸುದಾರರು ಇದ್ದಲ್ಲಿ ಠಾಣೆಯನ್ನು ಸಂಪರ್ಕಿಸುವುದು. ಈ ಚಹರೆಗೆ ಹೊಂದುವವರು ರಾಜ್ಯದಲ್ಲಿ ಲಕ್ಷಗಟ್ಟಲೆ ಸಿಗುತ್ತಾರೆ. ಯಾರೂ ಬಾರದಿದ್ದರೆ ಕೆಲವು ದಿನ ಶವಾಗಾರದಲ್ಲಿಟ್ಟು ಆಮೇಲೆ ಹೂಳುತ್ತಾರೆ, ಇಲ್ಲವೇ ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗಕ್ಕೆ ಕೊಡುತ್ತಾರೆ. ದೇಶದಲ್ಲಿ ವರ್ಷಕ್ಕೆ ಸುಮಾರು 40,000 ಶವಗಳಿಗೆ ಇದೇ ಗತಿ, ಅವುಗಳ ಡಿಎನ್‌ಎ ದಾಖಲಿಸಿ ಎಂದು ಲೋಕನೀತಿ ಫೌಂಡೇಶನ್ 2012ರಲ್ಲಿ ಸುಪ್ರೀಂ ಕೋರ್ಟಿನ ಮೊರೆ ಹೋಯಿತು. ಇದಕ್ಕಾಗಿ ಡಿಎನ್‌ಎ ಮಸೂದೆ ತರುತ್ತೇವೆ ಎಂದು ಕೇಂದ್ರ ಸರ್ಕಾರ ಹೇಳಿದ ಮೇಲೆ 2018ರಲ್ಲಿ ಅರ್ಜಿ ಮುಗಿಯಿತು. ಮಸೂದೆ 2019ರ ಜನವರಿಯಲ್ಲಿ ಲೋಕಸಭೆಯನ್ನು ದಾಟಿ ಅಲ್ಲಿಗೇ ಬಿದ್ದುಹೋಯಿತು. ಅದೇ ವರ್ಷ ಮತ್ತೆ ಬಂದು ಸ್ಥಾಯಿ ಸಮಿತಿಗೆ ಹೋಯಿತು. 2023ರ ಜುಲೈನಲ್ಲಿ ಸರ್ಕಾರವೇ ಅದನ್ನು ವಾಪಸ್ ಪಡೆಯಿತು.

ಮರೆತೇಹೋಗಿದ್ದ ಈ ವಿಷಯವನ್ನು 2025ರ ಜುಲೈನಲ್ಲಿ ಧರ್ಮಸ್ಥಳದ ದೂರು ಮತ್ತೆ ಎಲ್ಲರ ಬಾಯಿಗೆ ತಂದಿತು. ಹಿಂದೆ ಅಲ್ಲಿ ಸ್ವಚ್ಛತಾ ಕೆಲಸದಲ್ಲಿದ್ದ ವ್ಯಕ್ತಿಯೊಬ್ಬರು ತಾವು ನೂರಾರು ಶವ ಹೂತಿದ್ದಾಗಿ ಹೇಳಿದರು. ವಿಶೇಷ ತನಿಖಾ ತಂಡ ರಚನೆಯಾಯಿತು, ಅಗೆತ ನಡೆಯಿತು, ಕೆಲವು ಕಡೆ ಅಸ್ಥಿ ಸಿಕ್ಕವು, ಆಗಸ್ಟ್‌ನಲ್ಲಿ ದೂರುದಾರರೇ ಬಂಧಿತರಾದರು. ಆರೋಪದ ಸತ್ಯಾಸತ್ಯವನ್ನು ನ್ಯಾಯಾಲಯ ನೋಡಿಕೊಳ್ಳಲಿ. ನನ್ನ ತಕರಾರು ಬೇರೆ. ಹೆಸರಿಲ್ಲದ ಮೂಳೆ ಎದುರಿಗೆ ಬಂದಾಗಲೆಲ್ಲ ನಮ್ಮಲ್ಲಿ ಒಂದು ವರ್ಗ ಅಮೆರಿಕದತ್ತ ಕೈ ತೋರಿಸುತ್ತದೆ. ಅಲ್ಲಿ ಈಗ ಜೆನೆಟಿಕ್ ಜೀನಿಯಾಲಜಿ ಎಂಬ ವಿಧಾನ ಹೆಸರು ಮಾಡಿದೆ. ಮೂಳೆಯ ಡಿಎನ್‌ಎಯಲ್ಲಿ ಲಕ್ಷಾಂತರ ಬಿಂದುಗಳನ್ನು ಓದಿ, ಜನ ತಮ್ಮ ಪೂರ್ವಜರ ಕುತೂಹಲಕ್ಕಾಗಿ ಜಿಇಡಿಮ್ಯಾಚ್‌ನಂಥ ಜಾಲತಾಣಗಳಿಗೆ ಏರಿಸಿಟ್ಟ ಡಿಎನ್‌ಎ ಜೊತೆ ಹೋಲಿಸುತ್ತಾರೆ. ದೂರದ ದಾಯಾದಿ ಸಿಕ್ಕರೆ ಅಲ್ಲಿಂದ ವಂಶವೃಕ್ಷ ಕಟ್ಟುತ್ತ ಸತ್ತವರ ಹೆಸರಿಗೆ ಇಳಿಯುತ್ತಾರೆ. 1981ರಲ್ಲಿ ಒಹಾಯೊದಲ್ಲಿ ಸಿಕ್ಕ ಯುವತಿಯೊಬ್ಬಳ ಶವಕ್ಕೆ 2018ರಲ್ಲಿ ಹೆಸರು ಬಂದದ್ದು ಹೀಗೆ. ಗೋಲ್ಡನ್ ಸ್ಟೇಟ್ ಕಿಲ್ಲರ್ ಎಂಬ ಸರಣಿ ಹಂತಕ ಸಿಕ್ಕಿಬಿದ್ದದ್ದೂ ಅದೇ ವರ್ಷ, ಅದೇ ದಾರಿಯಲ್ಲಿ. ಸಾಧನೆ ದೊಡ್ಡದೇ. ಆದರೆ ಅದನ್ನು ಇಲ್ಲಿಗೆ ತಂದರೆ ನಮ್ಮ ಅನಾಥ ಶವಗಳಿಗೆ ಹೆಸರು ಸಿಗುವುದು ಅಪರೂಪ, ಜಾತಿ ಸಿಗುವುದು ಖಂಡಿತ. ನಮಗೆ ಬೇಕಾದದ್ದು ಇದಕ್ಕಿಂತ ಸಣ್ಣ, ಅಗ್ಗದ, ಸದ್ದಿಲ್ಲದ ಕೆಲಸ: ಕಾಣೆಯಾದವರ ಮನೆಯವರ ಡಿಎನ್‌ಎ ಮತ್ತು ಅಪರಿಚಿತ ಶವದ ಡಿಎನ್‌ಎ, ಇವೆರಡನ್ನೇ ಹೋಲಿಸುವ, ಅಪರಾಧ ತನಿಖೆಯಿಂದ ಪೂರ್ತಿ ಬೇರೆಯಾದ ಒಂದು ವ್ಯವಸ್ಥೆ.

ಹೆಸರು ಯಾಕೆ ಸಿಗುವುದಿಲ್ಲ ಎಂಬುದಕ್ಕೆ ಉತ್ತರ ಹೈದರಾಬಾದಿನಲ್ಲೇ ಇದೆ. ಹಬ್ಸಿಗುಡದ ಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರ ಸಿಸಿಎಂಬಿಯ ಕುಮಾರಸ್ವಾಮಿ ತಂಗರಾಜ್ ಮತ್ತು ಹಾರ್ವರ್ಡ್‌ನ ಡೇವಿಡ್ ರೈಕ್ ತಂಡ 2017ರಲ್ಲಿ ಪ್ರಕಟಿಸಿದ ಅಧ್ಯಯನ ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಗುಂಪುಗಳನ್ನು ಪರಿಶೀಲಿಸಿತು. ಅವುಗಳಲ್ಲಿ 81 ಗುಂಪುಗಳಲ್ಲಿ ಒಳಮದುವೆಯ ಗುರುತು ಫಿನ್ಲೆಂಡಿನವರಿಗಿಂತ, ಅಶ್ಕೆನಾಜಿ ಯಹೂದಿಗಳಿಗಿಂತ ಗಾಢವಾಗಿತ್ತು. ಅಶ್ಕೆನಾಜಿ ಕುಟುಂಬಗಳ ವಂಶವೃಕ್ಷ ಕಟ್ಟುವಾಗಲೇ ಅಮೆರಿಕದ ತಜ್ಞರು ಪರದಾಡುತ್ತಾರೆ, ಏಕೆಂದರೆ ಅಲ್ಲಿ ಎಲ್ಲರೂ ಎಲ್ಲರಿಗೂ ಸ್ವಲ್ಪ ಸ್ವಲ್ಪ ಸಂಬಂಧಿಕರು. ನಮ್ಮಲ್ಲಿ ಅಕ್ಕನ ಮಗಳನ್ನು ತಮ್ಮ ಮದುವೆಯಾಗುತ್ತಾನೆ, ಸೋದರತ್ತೆಯ ಮಗಳನ್ನು ತಂದುಕೊಳ್ಳುತ್ತಾರೆ, ಅದೂ ತಲೆಮಾರುಗಟ್ಟಲೆ. ಎರಡು ಡಿಎನ್‌ಎಗಳ ನಡುವೆ ಹಂಚಿಕೆಯಾದ ತುಣುಕುಗಳನ್ನು ಅಳೆದು ‘ಇವರು ಮೂರನೆಯ ತಲೆಮಾರಿನ ದಾಯಾದಿಗಳು’ ಎನ್ನುವ ಲೆಕ್ಕ ಇಲ್ಲಿ ತಪ್ಪುತ್ತದೆ. ಹತ್ತು ತಲೆಮಾರು ದೂರದವರೂ ಹತ್ತಿರದವರಂತೆ ಕಾಣುತ್ತಾರೆ. ಮೇಲಾಗಿ ಹೋಲಿಸಲು ದತ್ತಾಂಶ ಎಲ್ಲಿದೆ? ಹಣ ಕೊಟ್ಟು ಎಂಜಲು ಕಳಿಸಿ ಪೂರ್ವಜರನ್ನು ತಿಳಿದುಕೊಳ್ಳುವ ಭಾರತೀಯರು ಬೆರಳೆಣಿಕೆ, ಅವರಲ್ಲೂ ಹೆಚ್ಚಿನವರು ಉಳ್ಳವರು. ಚರ್ಚಿನ ನಾಮಕರಣ ದಾಖಲೆ, ಹಳೆಯ ಜನಗಣತಿಯ ಹೆಸರುಪಟ್ಟಿ ನಮ್ಮಲ್ಲಿಲ್ಲ. ಇರುವುದು ಹೆಳವರು. ಉತ್ತರ ಕರ್ನಾಟಕದಲ್ಲಿ ಎತ್ತಿನ ಮೇಲೆ ಬಂದು ಮನೆತನದ ಹಿಂದಿನವರ ಹೆಸರು ಹೇಳುವ ಹೆಳವರು, ತೆಲುಗು ಸೀಮೆಯಲ್ಲಿ ಅದೇ ಕೆಲಸ ಮಾಡುವ ಪಿಚ್ಚಗುಂಟ್ಲ ಜನ. ಅದು ಅಮೂಲ್ಯ ಸಂಪತ್ತು, ನಿಜ. ಆದರೆ ಒಕ್ಕಲು ಎನಿಸಿಕೊಂಡ ಮನೆಯ ಗಂಡುಸಂತಾನದ ಪಟ್ಟಿ ಅದು, ಊರ ಹೊರಗಿನ ಕೇರಿಯ ಹೆಣ್ಣುಮಗಳ ಹೆಸರು ಅದರಲ್ಲಿ ಹುಡುಕಿದರೆ ಸಿಗಲಿಕ್ಕಿಲ್ಲ.

ಹಾಗಾದರೆ ಸಿಗುವುದೇನು? ಪಂಜಾಬಿನ ಅಜ್ನಾಲಾದಲ್ಲಿ 2014ರಲ್ಲಿ ಬಾವಿಯೊಂದನ್ನು ಅಗೆದಾಗ ರಾಶಿ ರಾಶಿ ತಲೆಬುರುಡೆ, ಹಲ್ಲು ಸಿಕ್ಕವು. 1857ರಲ್ಲಿ ಬ್ರಿಟಿಷರು ಕೊಂದ 26ನೇ ಬಂಗಾಳ ದೇಶೀ ಪದಾತಿದಳದ ಸಿಪಾಯಿಗಳದ್ದೇ, ದೇಶವಿಭಜನೆಯ ಹೊತ್ತಿನ ಸಾವುಗಳೇ ಎಂಬ ವಿವಾದವಿತ್ತು. ಸಿಸಿಎಂಬಿ ಸೇರಿದಂತೆ ಹಲವು ಸಂಸ್ಥೆಗಳ ವಿಜ್ಞಾನಿಗಳು ಹಲ್ಲಿನ ಡಿಎನ್‌ಎ ಮತ್ತು ಐಸೊಟೋಪ್ ಪರೀಕ್ಷಿಸಿ, ಇವರು ಗಂಗಾ ಬಯಲಿನ ಕಡೆಯವರು, ಪಂಜಾಬಿನವರಲ್ಲ ಎಂದು 2022ರಲ್ಲಿ ತೋರಿಸಿಕೊಟ್ಟರು. ಇತಿಹಾಸಕ್ಕೆ ಅಷ್ಟು ಸಾಕಾಯಿತು. ಆದರೆ ಆ ಅಧ್ಯಯನದಿಂದ ಬಂದದ್ದು ಪ್ರದೇಶ, ಜನಸಮುದಾಯ. ಒಬ್ಬ ಸಿಪಾಯಿಯ ಹೆಸರೂ ಅದರಿಂದ ಹೊರಬರಲಿಲ್ಲ. ಇದೇ ಉತ್ತರವನ್ನು ಇಂದಿನ ಠಾಣೆಯೊಂದಕ್ಕೆ ಕೊಟ್ಟು ನೋಡಿ. ಶವದ ಗುರುತು ತಿಳಿಯಲಿಲ್ಲ, ಇಂಥ ಸಮುದಾಯದವರಿರಬಹುದು ಎಂದು ಪ್ರಯೋಗಾಲಯ ಹೇಳಿದ ಮರುದಿನ ತನಿಖೆ ಯಾವ ಕೇರಿಗೆ ಹೋಗುತ್ತದೆ, ಸಂಜೆಯ ಟಿವಿ ಚರ್ಚೆ ಯಾರ ಬಗ್ಗೆ ನಡೆಯುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಇದು ಬರೀ ಭಯವಲ್ಲ. ಮಸೂದೆಯ ಮೊದಲ ಕರಡಿನ ಕಾಲದಲ್ಲೇ, ಹೈದರಾಬಾದಿನ ಡಿಎನ್‌ಎ ಪರೀಕ್ಷಾ ಸಂಸ್ಥೆ ಸಿಡಿಎಫ್‌ಡಿಯ ರಕ್ತ ಸಂಗ್ರಹದ ನಮೂನೆಯಲ್ಲಿ ಜಾತಿಯ ಕಾಲಂ ಇದೆಯೆಂದು ಟೀಕಾಕಾರರು ಎತ್ತಿ ತೋರಿಸಿದ್ದರು. ಜೈರಾಮ್ ರಮೇಶ್ ಅಧ್ಯಕ್ಷತೆಯ ಸ್ಥಾಯಿ ಸಮಿತಿ 2021ರ ವರದಿಯಲ್ಲಿ, ಇಂಥ ದತ್ತಾಂಶ ಜಾತಿ ಸಮುದಾಯಗಳನ್ನು ಅಪರಾಧಕ್ಕೆ ಗಂಟುಹಾಕಲು ಬಳಕೆಯಾದೀತು ಎಂಬ ಆತಂಕವನ್ನು ದಾಖಲಿಸಿತು. ಹೈದರಾಬಾದಿನ ಸಂಸದ ಅಸದುದ್ದೀನ್ ಒವೈಸಿ, ಸಿಪಿಐನ ಬಿನೋಯ್ ವಿಶ್ವಂ ಅಷ್ಟಕ್ಕೇ ತೃಪ್ತರಾಗದೆ ಭಿನ್ನಮತದ ಟಿಪ್ಪಣಿ ಬರೆದರು.

ಹೆಸರು ಕೊಡುವ ದಾರಿ ಬೇರೆಡೆ ಈಗಾಗಲೇ ಸವೆದಿದೆ. ಬೋಸ್ನಿಯಾದ ಸ್ರೆಬ್ರೆನಿಕಾದಲ್ಲಿ 1995ರಲ್ಲಿ ಕೊಲ್ಲಲ್ಪಟ್ಟ ಸುಮಾರು 8,000 ಜನರಲ್ಲಿ ಹತ್ತಿರಹತ್ತಿರ 7,000 ಮಂದಿಯ ಗುರುತು ಸಿಕ್ಕಿದೆ. ಅಲ್ಲಿ ಯಾರೂ ಯಾರದೋ ದಾಯಾದಿಯನ್ನು ಕಂಪ್ಯೂಟರಿನಲ್ಲಿ ಬೇಟೆಯಾಡಲಿಲ್ಲ. ಕಾಣೆಯಾದವರಿಗಾಗಿಯೇ ಇದ್ದ ಅಂತಾರಾಷ್ಟ್ರೀಯ ಆಯೋಗ ತಾಯಂದಿರ, ಮಕ್ಕಳ, ಒಡಹುಟ್ಟಿದವರ ಬೆರಳಿನಿಂದ ಒಂದೆರಡು ಹನಿ ರಕ್ತ ಪಡೆದು ಮೂಳೆಯ ಜೊತೆ ಹೋಲಿಸಿತು. ಇದಕ್ಕೆ ಲಕ್ಷಾಂತರ ಬಿಂದು ಓದಬೇಕಿಲ್ಲ, ನ್ಯಾಯಾಲಯಗಳಲ್ಲಿ ದಶಕಗಳಿಂದ ಬಳಕೆಯಲ್ಲಿರುವ ಇಪ್ಪತ್ತರ ಆಸುಪಾಸಿನ ಗುರುತುಗಳೇ ಸಾಕು. ಅವುಗಳಿಂದ ರೋಗವೂ ತಿಳಿಯದು, ಜಾತಿಯನ್ನು ಹೇಳುವ ಶಕ್ತಿಯೂ ಅವಕ್ಕೆ ತೀರಾ ಕಡಿಮೆ. ನೋಯ್ಡಾದ ನಿಠಾರಿಯಲ್ಲಿ ಸಿಕ್ಕ ಮಕ್ಕಳ ಅಸ್ಥಿಗಳನ್ನು ತಂದೆತಾಯಿಯರ ರಕ್ತದೊಡನೆ ಹೋಲಿಸಿ ಗುರುತಿಸಿದ್ದು ಇದೇ ಸಿಡಿಎಫ್‌ಡಿ. ಆ ಕೊಲೆ ಮೊಕದ್ದಮೆಗಳ ಆರೋಪಿಗಳು ಕೊನೆಗೆ ಖುಲಾಸೆಯಾದರು, 2025ರ ನವೆಂಬರ್‌ನಲ್ಲಿ ಕೊನೆಯ ಪ್ರಕರಣವೂ ಬಿತ್ತು. ಆದರೆ ಮಕ್ಕಳ ಗುರುತು ಬೀಳಲಿಲ್ಲ. ಸತ್ತವರಿಗೆ ಹೆಸರು ಕೊಡುವುದು ಒಂದು ಕೆಲಸ, ಕೊಂದವರನ್ನು ಹಿಡಿಯುವುದು ಇನ್ನೊಂದು. ಎರಡನ್ನೂ ಒಂದೇ ಮಸೂದೆಗೆ, ಒಂದೇ ಬ್ಯಾಂಕಿಗೆ ತುರುಕಿದ್ದೇ 2019ರ ಮಸೂದೆಯ ಮೂಲದೋಷ. ಅಪರಾಧಿ, ವಿಚಾರಣಾಧೀನ ಕೈದಿ, ಕಾಣೆಯಾದವರು, ಅಪರಿಚಿತ ಶವ, ಎಲ್ಲ ಸೂಚಿಗಳೂ ಒಂದೇ ಸೂರಿನಡಿ. ಮಗ ಕಾಣೆಯಾದನೆಂದು ರಕ್ತ ಕೊಟ್ಟ ತಾಯಿ, ನಾಳೆ ಇನ್ನೊಬ್ಬ ಮಗನ ಮೇಲಿನ ಕಳ್ಳತನದ ಕೇಸಿಗೆ ಸಾಕ್ಷ್ಯವಾಗಬಹುದಾದರೆ ಅವಳು ರಕ್ತ ಕೊಡುವುದಿಲ್ಲ. ಕೊಡಬಾರದು ಕೂಡ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಯಾರೂ ಹುಡುಕದವರ ಗತಿಯೇನು? ಮನೆಯವರೇ ಕೊಂದು ಎಸೆದ ಹೆಣ್ಣು, ಹತ್ತು ವರ್ಷ ಹಿಂದೆಯೇ ಮನೆ ಬಿಟ್ಟ ಗಂಡು, ಮಾರಾಟವಾಗಿ ಬಂದ ಬಾಲಕಿ, ಇವರಿಗೆ ರಕ್ತ ಕೊಡಲು ಯಾರೂ ಠಾಣೆಗೆ ಬರುವುದಿಲ್ಲ, ದೂರದ ದಾಯಾದಿಯೇ ಇವರ ಕೊನೆಯ ಆಸರೆ ಎನ್ನುತ್ತಾರೆ. ಒಪ್ಪಬೇಕಾದ ಮಾತೇ. ಆದರೆ ಅವರ ದಾಯಾದಿಗಳು ಜಿಇಡಿಮ್ಯಾಚ್‌ನಲ್ಲಿದ್ದಾರೆಯೇ? ಅಮೆರಿಕದ ವಿಧಾನ ಯಾರನ್ನು ಬಲ್ಲದೋ ಅವರ ಕುಲದವರಲ್ಲ ಇವರು. ಅವರನ್ನು ತಲುಪಬೇಕಾದರೆ ಇಡೀ ಸಮುದಾಯಗಳ ಡಿಎನ್‌ಎಯನ್ನು ಸರ್ಕಾರವೇ ಕಲೆಹಾಕಬೇಕು. ಒಂದು ಶವದ ಹೆಸರಿಗಾಗಿ ಲಕ್ಷ ಜೀವಂತ ಜನರನ್ನು ದಾಖಲಿಸುವ ಆ ಬೆಲೆ ಹೆಚ್ಚಾಯಿತು. ದತ್ತಾಂಶ ಕೊಟ್ಟವರ ಕೈಯಲ್ಲಿ ಅದು ಉಳಿಯುವುದೂ ಇಲ್ಲ: ಕೋಟಿಗೂ ಹೆಚ್ಚು ಜನರ ಡಿಎನ್‌ಎ ಇಟ್ಟುಕೊಂಡಿದ್ದ 23ಆಂಡ್‌ಮಿ ಕಂಪನಿ 2025ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿದಾಗ ಮಾರಾಟಕ್ಕೆ ಬಂದ ಆಸ್ತಿಯಲ್ಲಿ ಅದೂ ಸೇರಿತ್ತು. ಇನ್ನೊಂದು ಕಡೆಯಿಂದ ಬರುವ ಆಕ್ಷೇಪ, ಸರ್ಕಾರಕ್ಕೆ ಯಾವ ಡಿಎನ್‌ಎ ಬ್ಯಾಂಕೂ ಬೇಡ ಎಂಬುದು. 2022ರ ಅಪರಾಧ ಪ್ರಕ್ರಿಯೆ ಗುರುತಿಸುವಿಕೆ ಕಾಯ್ದೆ ಬಂಧಿತರ ಅಳತೆ, ಮಾದರಿಗಳ ದಾಖಲೆಯನ್ನು 75 ವರ್ಷ ಇಟ್ಟುಕೊಳ್ಳಲು ಅನುಮತಿಸಿರುವಾಗ ಈ ಸಂಶಯಕ್ಕೆ ಕಾರಣವಿದೆ. ಆದರೂ ಬೇಡ ಎಂದು ಕೈ ತೊಳೆದುಕೊಂಡರೆ ಸೋಲುವುದು ಮಗನಿಗಾಗಿ ಕಾಯುತ್ತಿರುವ ಮನೆ. ಕೊಟ್ಟವರು ಕೇಳಿದಾಗ ಅಳಿಸುವ, ಪೊಲೀಸರ ಕೈಗೆ ಸಿಗದ, ಹೊಂದಿಕೆಯಾದ ಕೂಡಲೇ ಮುಚ್ಚುವ ವ್ಯವಸ್ಥೆಯನ್ನು ಕಾನೂನಿನಲ್ಲಿ ಬರೆಯುವುದು ಅಸಾಧ್ಯವೇನಲ್ಲ.

ತಂತ್ರಜ್ಞಾನದ ಮೋಹ ಮರೆಸುವ ಇನ್ನೊಂದು ಸಂಗತಿಯೆಂದರೆ ಕಾಗದ ಮತ್ತು ಸೀಲು. 2000ದ ಮಾರ್ಚ್‌ನಲ್ಲಿ ಕಾಶ್ಮೀರದ ಪಥ್ರಿಬಲ್‌ನಲ್ಲಿ ಐವರನ್ನು ಕೊಂದು ಉಗ್ರರೆಂದು ಹೇಳಲಾಯಿತು. ನಮ್ಮ ಮನೆಯವರು ಎಂದು ಹಳ್ಳಿಯ ಜನ ಹೇಳಿದಾಗ ಶವ ಹೊರತೆಗೆದು, ಬಂಧುಗಳ ರಕ್ತ ಸೇರಿಸಿ ಪ್ರಯೋಗಾಲಯಕ್ಕೆ ಕಳಿಸಿದರು. ಹೆಂಗಸಿನದೆಂದು ಚೀಟಿ ಅಂಟಿಸಿದ ರಕ್ತ ಗಂಡಸಿನದೆಂದು ಹೈದರಾಬಾದಿನಲ್ಲಿ ಗೊತ್ತಾಯಿತು. ಯಾರೋ ಮಾದರಿ ಬದಲಿಸಿದ್ದರು. 2002ರಲ್ಲಿ ಹೊಸದಾಗಿ ಮಾದರಿ ತೆಗೆದ ಮೇಲಷ್ಟೇ ಸತ್ತವರು ಸ್ಥಳೀಯ ನಾಗರಿಕರೆಂದು ರುಜುವಾತಾಯಿತು. ಡಿಎನ್‌ಎ ಸುಳ್ಳು ಹೇಳಿರಲಿಲ್ಲ, ಬಾಟಲಿಯ ಮೇಲಿನ ಚೀಟಿ ಹೇಳಿತ್ತು. ಇಪ್ಪತ್ತಮೂರು ವರ್ಷಗಳ ನಂತರ, 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ಡಿಎನ್‌ಎ ಮಾದರಿ 48 ಗಂಟೆಯೊಳಗೆ ಪ್ರಯೋಗಾಲಯ ಸೇರಬೇಕು, ಕೈಬದಲಾದ ಪ್ರತಿ ಹಂತವೂ ವಹಿಯಲ್ಲಿ ಇರಬೇಕು ಎಂದು ಆದೇಶಿಸಬೇಕಾಯಿತು ಎಂದರೆ ಪರಿಸ್ಥಿತಿ ಎಷ್ಟು ಸುಧಾರಿಸಿತ್ತೆಂದು ಲೆಕ್ಕ ಹಾಕಿಕೊಳ್ಳಿ. ಅದೇ ವರ್ಷ ಧರ್ಮಸ್ಥಳವಿರುವ ಬೆಳ್ತಂಗಡಿ ತಾಲ್ಲೂಕಿನಲ್ಲಿ ಮಾತಾದದ್ದು, ಸುಮಾರು ಹದಿನೈದು ವರ್ಷಗಳ ಅಸಹಜ ಸಾವಿನ (ಯುಡಿಆರ್) ದಾಖಲೆಗಳನ್ನು ನಿಯಮದಂತೆ ನಾಶಪಡಿಸಲಾಗಿದೆ ಎಂಬ ಮಾಹಿತಿ ಹಕ್ಕಿನ ಉತ್ತರದ ಬಗ್ಗೆ. ಯುಡಿಆರ್ ಕಡತವೇ ಇಲ್ಲದ ಮೇಲೆ ಮೂಳೆಯ ಡಿಎನ್‌ಎಯನ್ನು ಯಾವ ದಿನಕ್ಕೆ, ಯಾವ ಜಾಗಕ್ಕೆ ಜೋಡಿಸುವುದು? ಅಲ್ಲಿನ ಬಂಗ್ಲೆಗುಡ್ಡೆಯಲ್ಲಿ ಸೆಪ್ಟೆಂಬರ್‌ನಲ್ಲಿ ಸಿಕ್ಕ ಅವಶೇಷಗಳ ಪೈಕಿ ಒಂದರ ಸುಳಿವು ಬಂದದ್ದು ಪಕ್ಕದಲ್ಲಿ ಬಿದ್ದಿದ್ದ ಗುರುತಿನ ಚೀಟಿಯಿಂದ. ವರ್ಷಗಳ ಹಿಂದೆ ಕೊಡಗಿನಿಂದ ಕಾಣೆಯಾದವರೊಬ್ಬರ ಚೀಟಿ ಅದು. ಮನೆಯವರು ಒಂದು ಜಿಲ್ಲೆಯಲ್ಲಿ ಕಾಯುತ್ತಿದ್ದರು, ಚೀಟಿ ಇನ್ನೊಂದು ಜಿಲ್ಲೆಯ ಕಾಡಿನಲ್ಲಿ ಬಿದ್ದಿತ್ತು.

ಜಿಲ್ಲೆಗಳ ನಡುವೆಯೇ ಹೀಗಾದರೆ ರಾಜ್ಯಗಳ ನಡುವೆ ಹೇಳುವುದೇ ಬೇಡ. ಕಲಬುರಗಿ, ಯಾದಗಿರಿ, ರಾಯಚೂರಿನಿಂದ ಗಾರೆ ಕೆಲಸಕ್ಕೆ ಹೈದರಾಬಾದಿಗೆ ಹೋಗುವವರು ಹಿಂದಿನಿಂದಲೂ ಇದ್ದಾರೆ. ವಾಡಿ, ತಾಂಡೂರು, ವಿಕಾರಾಬಾದ್ ಮಾರ್ಗದ ಹಳಿಗಳ ಮೇಲೆ ಶವವೊಂದು ಸಿಕ್ಕರೆ ತೆಲುಗು ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ, ಕಾಣೆಯಾದ ದೂರು ಕನ್ನಡದಲ್ಲಿ ಸುರಪುರದ ಠಾಣೆಯಲ್ಲಿರುತ್ತದೆ. ಇದಕ್ಕೆ ಹೊಸ ಮಸೂದೆಗಾಗಿ ಕಾಯಬೇಕಾಗಿಲ್ಲ, ಪೊಲೀಸ್ ರಾಜ್ಯಪಟ್ಟಿಯ ವಿಷಯ. ಹೂಳುವ ಮುನ್ನ ಪ್ರತಿ ಅಪರಿಚಿತ ಶವದಿಂದ ಒಂದು ಹಲ್ಲು ತೆಗೆದು, ಸೀಲು ಹಾಕಿ, ಯುಡಿಆರ್ ಸಂಖ್ಯೆ ಬರೆದು ಇಡಬೇಕು. ಅದನ್ನು ಓದುವುದೂ ಬೇಡ, ಯಾವ ಬ್ಯಾಂಕಿಗೂ ಏರಿಸುವುದೂ ಬೇಡ, ಮನೆಯವರು ಬಂದಾಗ ಮಾತ್ರ ಪರೀಕ್ಷೆ. ಹಲ್ಲು ದಶಕಗಟ್ಟಲೆ ಕೆಡುವುದಿಲ್ಲ, ಅಜ್ನಾಲಾದ ಹಲ್ಲುಗಳು ಒಂದೂವರೆ ಶತಮಾನ ಕಾದಿದ್ದವು. ಗಾಂಧಿ ಆಸ್ಪತ್ರೆಯ ಶವಾಗಾರ, ಉಪ್ಪಲ್‌ನ ಸಿಡಿಎಫ್‌ಡಿ ಎರಡೂ ಹೈದರಾಬಾದಿನಲ್ಲೇ ಇವೆ. ಯುಡಿಆರ್ ಕಡತಗಳನ್ನು ನಾಶಮಾಡುವ ನಿಯಮದಿಂದ ಅಪರಿಚಿತ ಶವಗಳನ್ನು ಹೊರಗಿಡಲು ಬೆಂಗಳೂರು, ಹೈದರಾಬಾದಿನ ಗೃಹ ಇಲಾಖೆಗಳ ಒಂದೊಂದು ಸುತ್ತೋಲೆ ಸಾಕು.