ಮಡಿವಾಳದಲ್ಲಿ ಡಾಕ್ಟರ್ ಸಾಳುಂಕೆ ಇಲ್ಲ

ಕರ್ನಾಟಕದ ಗೃಹ ಸಚಿವರಿಗೆ,
ಜೆ.ಪಿ. ನಗರದಿಂದ ಒಂದು ಬಹಿರಂಗ ಪತ್ರ

ಮಾನ್ಯರೇ,

ಬಿ.ಟಿ.ಎಂ. ಲೇಔಟಿಗೆ ಅಂಟಿಕೊಂಡೇ ಇರುವ ಮಡಿವಾಳದಲ್ಲಿ ನಿಮ್ಮ ಇಲಾಖೆಯ ವಿಧಿವಿಜ್ಞಾನ ಪ್ರಯೋಗಾಲಯವಿದೆ. ಪೊಲೀಸರ, ವಕೀಲರ ಬಾಯಲ್ಲಿ ಅದು ಬರೀ ಎಫ್‌ಎಸ್‌ಎಲ್. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ನಿತ್ಯ ಆ ಕಡೆ ಹಾಯುವವರಲ್ಲಿ ಬಹುತೇಕರು ಆ ಕಟ್ಟಡವನ್ನು ಗಮನಿಸಿರಲಾರರು. ನಮ್ಮ ಜನಕ್ಕೆ ಗೊತ್ತಿರುವ ಲ್ಯಾಬ್ ಬೇರೆ. ಸೋನಿ ವಾಹಿನಿಯಲ್ಲಿ 1998ರಿಂದ 2018ರವರೆಗೆ ಓಡಿದ ‘ಸಿಐಡಿ’ ಧಾರಾವಾಹಿಯ ಲ್ಯಾಬ್ ಅದು. ಅಲ್ಲಿ ಎಸಿಪಿ ಪ್ರದ್ಯುಮ್ನ ಒಂದು ಕೂದಲೆಳೆ ತಂದುಕೊಟ್ಟರೆ ಡಾಕ್ಟರ್ ಸಾಳುಂಕೆ ಜಾಹೀರಾತು ಮುಗಿಯುವಷ್ಟರಲ್ಲಿ ಕೊಲೆಗಾರನ ಜಾತಕ ಹೇಳಿಬಿಡುತ್ತಿದ್ದರು. ಇನ್‌ಸ್ಪೆಕ್ಟರ್ ದಯಾ ಬಾಗಿಲು ಒಡೆಯುತ್ತಿದ್ದರು, ಆರೋಪಿ ಕೆನ್ನೆಗೆ ಏಟು ತಿಂದು ತಪ್ಪೊಪ್ಪಿಕೊಳ್ಳುತ್ತಿದ್ದ, ಅಲ್ಲಿಗೆ ಕೇಸು ಖಲಾಸ್. ಕನ್ನಡದಲ್ಲೂ ಈ ಅಡುಗೆಗೆ ಕೊರತೆಯಿಲ್ಲ. ರವಿ ಬೆಳಗೆರೆ ಅವರ ‘ಕ್ರೈಂ ಡೈರಿ’ಯಿಂದ ‘ಶಾಂತಂ ಪಾಪಂ’ವರೆಗೆ ನಾವೆಲ್ಲ ಊಟದ ತಟ್ಟೆ ಮುಂದಿಟ್ಟುಕೊಂಡು ನೋಡಿದವರೇ.

ನೋಡುವುದನ್ನು ನಿಲ್ಲಿಸಿ ಎಂದು ಹೇಳಲು ಈ ಪತ್ರ ಬರೆಯುತ್ತಿಲ್ಲ. ಧಾರಾವಾಹಿ ನೋಡಿ ಕೊಲೆ ಕಲಿತರು ಎಂಬ ದೂರೂ ನನ್ನದಲ್ಲ. ಹೆಣ ಬಚ್ಚಿಟ್ಟವನು ಸಿಕ್ಕಿಬಿದ್ದರೆ ಸಾಕು, ‘ದೃಶ್ಯ ಸಿನಿಮಾ ಮಾದರಿ’ ಎಂಬ ತಲೆಬರಹ ಸಿದ್ಧವಾಗಿರುತ್ತದೆ. ರವಿಚಂದ್ರನ್ ಅವರ ‘ದೃಶ್ಯ’ ಬಂದಿದ್ದು 2014ರಲ್ಲಿ. ಅದಕ್ಕೂ ಮುಂಚೆ ಈ ಊರಿನಲ್ಲಿ ಯಾರೂ ಹೆಣ ಹೂತಿರಲಿಲ್ಲವೇ? ಕೊಲೆಗಾರನ ಮೇಲೆ ಟೀವಿಯ ಪ್ರಭಾವ ಎಷ್ಟೋ ನಾ ಕಾಣೆ. ನಿಮ್ಮ ಮೇಲೆ, ನಿಮ್ಮ ಪೊಲೀಸರ ಮೇಲೆ ಆಗಿರುವ ಪ್ರಭಾವವಂತೂ ಕಣ್ಣಿಗೆ ಹೊಡೆಯುವಂತಿದೆ. ನನ್ನ ತಕರಾರು ಅದು.

ಅಮೆರಿಕದಲ್ಲಿ ಈ ಚರ್ಚೆ ಶುರುವಾಗಿ ಇಪ್ಪತ್ತು ವರ್ಷ ದಾಟಿತು. ಅಲ್ಲಿ ‘ಸಿಎಸ್‌ಐ’ ಧಾರಾವಾಹಿ 2000ದಲ್ಲಿ ಶುರುವಾಯಿತು. ಅದನ್ನು ನೋಡಿದ ಜ್ಯೂರಿ ಸದಸ್ಯರು ಡಿಎನ್‌ಎ ಇಲ್ಲದಿದ್ದರೆ ಆರೋಪಿಯನ್ನು ಬಿಟ್ಟುಬಿಡುತ್ತಾರೆ ಎಂದು ಅಲ್ಲಿನ ಸರ್ಕಾರಿ ವಕೀಲರು ಹುಯಿಲೆಬ್ಬಿಸಿದರು. ಮಿಚಿಗನ್ ರಾಜ್ಯದ ನ್ಯಾಯಾಧೀಶ ಡೊನಾಲ್ಡ್ ಶೆಲ್ಟನ್ 2006ರಲ್ಲಿ ಜ್ಯೂರಿಗೆ ಕರೆ ಬಂದ ಸುಮಾರು ಸಾವಿರ ಮಂದಿಯನ್ನು ಕೇಳಿ ನೋಡಿದರು. ಪ್ರತಿ ಕ್ರಿಮಿನಲ್ ಪ್ರಕರಣದಲ್ಲೂ ಏನಾದರೊಂದು ವೈಜ್ಞಾನಿಕ ಸಾಕ್ಷ್ಯ ಇರುತ್ತದೆ ಎಂದು ನಿರೀಕ್ಷಿಸಿದವರು ಶೇ 46ರಷ್ಟು. ಆದರೆ ಧಾರಾವಾಹಿ ನೋಡಿದ್ದರಿಂದಲೇ ಆರೋಪಿಗಳನ್ನು ಬಿಡುತ್ತಾರೆ ಎಂಬುದಕ್ಕೆ ಅವರಿಗೆ ಆಧಾರ ಸಿಗಲಿಲ್ಲ.

ನಮ್ಮಲ್ಲಿ ಜ್ಯೂರಿಯೇ ಇಲ್ಲ. 1959ರ ನಾನಾವತಿ ಕೊಲೆ ಪ್ರಕರಣದ ಗದ್ದಲದ ನಂತರ ಅದು ಮೂಲೆಗೆ ಸರಿಯಿತು, 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಜಾಗವೇ ಉಳಿಯಲಿಲ್ಲ. ಹಾಗಾಗಿ ಟೀವಿ ತಲೆಗೆ ತುಂಬಿದ ನಿರೀಕ್ಷೆ ನಮ್ಮಲ್ಲಿ ತೀರ್ಪು ಕೊಡುವವರ ಕಟ್ಟೆಗೆ ಹೋಗದೆ ಠಾಣೆಗೆ ಹೋಗುತ್ತದೆ, ಪತ್ರಿಕಾಗೋಷ್ಠಿಗೆ ಹೋಗುತ್ತದೆ, ವಿಧಾನಸೌಧದ ಮೆಟ್ಟಿಲಿನವರೆಗೂ ಹೋಗುತ್ತದೆ. ಜಯನಗರದಲ್ಲಿ ಸರ ಕಳೆದುಕೊಂಡ ಅಜ್ಜಿಯ ಮೊಮ್ಮಗ ಠಾಣೆಯಲ್ಲಿ ‘ಟವರ್ ಲೊಕೇಶನ್ ಹಾಕ್ಸಿ ಸಾರ್, ಹತ್ತು ನಿಮಿಷದ ಕೆಲಸ’ ಅಂದರೆ ಅವನದು ತಪ್ಪಲ್ಲ, ಅವನು ಕಂಡಿದ್ದೇ ಅಷ್ಟು. ಅದೇ ಮಾತನ್ನು ಕಾನೂನು ಬಲ್ಲ ಸರ್ಕಾರ ಆಡಿದಾಗ ಏನು ಹೇಳೋಣ?

ಮಂಪರು ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಇಡೀ ದೇಶಕ್ಕೆ ಈ ಹುಚ್ಚು ಹಿಡಿಸಿದ್ದು ನಮ್ಮ ಬೆಂಗಳೂರು. ಛಾಪಾ ಕಾಗದ ಹಗರಣದ ತೆಲಗಿಯನ್ನು ಇಲ್ಲಿ ಮಂಪರಿಗೆ ಕೆಡವಿ ಪ್ರಶ್ನೆ ಕೇಳಿದರು. 2006ರಲ್ಲಿ ಆ ವಿಡಿಯೋ ಟೀವಿಯಲ್ಲಿ ಬಂತು. ತೊದಲುತ್ತ ಹೆಸರು ಹೇಳುವ ಮನುಷ್ಯ, ಪಕ್ಕದಲ್ಲಿ ಪ್ರಶ್ನೆ ಕೇಳುವ ತಜ್ಞರು. ಯಾವ ಧಾರಾವಾಹಿಗೂ ಕಡಿಮೆಯಿಲ್ಲದ ದೃಶ್ಯ. ಕೇರಳದ ಸಿಸ್ಟರ್ ಅಭಯಾ ಕೊಲೆ ಪ್ರಕರಣದ ಆರೋಪಿಗಳೂ ಪರೀಕ್ಷೆಗೆ ಇಲ್ಲಿಗೇ ಬಂದರು. ಕೊನೆಗೆ ಇದನ್ನೆಲ್ಲ ಪ್ರಶ್ನಿಸಿದ ಮೇಲ್ಮನವಿಗಳಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆ ತೀರ್ಪಿನ ಹೆಸರೇ ‘ಸೆಲ್ವಿ ಮತ್ತು ಕರ್ನಾಟಕ ರಾಜ್ಯ’. ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ, ಮಿದುಳಿನ ಅಲೆಗಳ ಪರೀಕ್ಷೆ ಮಾಡುವಂತಿಲ್ಲ. ಒಪ್ಪಿ ಮಾಡಿಸಿಕೊಂಡರೂ ಆಗ ಆಡಿದ ಮಾತು ತನ್ನಷ್ಟಕ್ಕೆ ಸಾಕ್ಷ್ಯವಲ್ಲ. ತನಿಖಾ ಸಂಸ್ಥೆಗಳು ಇಂಥ ವಿಡಿಯೋಗಳನ್ನು ಮಾಧ್ಯಮಕ್ಕೆ ಸೋರಿಸಿಬಿಡುವುದನ್ನೂ ನ್ಯಾಯಾಲಯ ಅದೇ ತೀರ್ಪಿನಲ್ಲಿ ಎತ್ತಿ ಆಡಿತು. 2025ರ ಜೂನ್‌ನಲ್ಲಿ ಬಿಹಾರದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಮತ್ತೆ ಹೇಳಬೇಕಾಯಿತು. ಇಷ್ಟಾದರೂ ದೊಡ್ಡ ಪ್ರಕರಣ ಬಂದಾಗಲೆಲ್ಲ ಯಾರೋ ಒಬ್ಬ ಜನಪ್ರತಿನಿಧಿ ಮೈಕಿನ ಮುಂದೆ ನಿಂತು ‘ಮಂಪರು ಪರೀಕ್ಷೆ ಮಾಡಿಸಿ, ಸತ್ಯ ಹೊರಬರಲಿ’ ಎನ್ನುತ್ತಾರೆ. ಸೋತ ಪ್ರತಿವಾದಿ ನಮ್ಮ ರಾಜ್ಯವೇ ಎಂಬುದನ್ನು ಅವರಿಗೆ ನೆನಪಿಸುವ ಕೆಲಸ ನಿಮ್ಮದಲ್ಲವೇ?

ತಪ್ಪೊಪ್ಪಿಗೆಯ ಕಥೆಯೂ ಇದೇ. ಧಾರಾವಾಹಿಯಲ್ಲಿ ಅದು ಕೊನೆಯ ದೃಶ್ಯ. ಕೋರ್ಟಿನಲ್ಲಿ ಪೊಲೀಸರೆದುರಿನ ತಪ್ಪೊಪ್ಪಿಗೆಗೆ ಬೆಲೆಯಿಲ್ಲ. ಬ್ರಿಟಿಷರ ಕಾಲದ ಸಾಕ್ಷ್ಯ ಕಾಯ್ದೆ ಹಾಗೆಯೇ ಹೇಳಿತ್ತು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್ನೂ ಹಾಗೆಯೇ ಹೇಳುತ್ತದೆ. ಆರೋಪಿ ತೋರಿಸಿದ ಜಾಗದಲ್ಲಿ ಮಚ್ಚು ಸಿಕ್ಕರೆ ಆ ಸಿಕ್ಕಿದ್ದಕ್ಕೆ ಸಂಬಂಧಿಸಿದಷ್ಟು ಮಾತು ಮಾತ್ರ ನಿಲ್ಲುತ್ತದೆ. ಆದರೂ ‘ಆರೋಪಿ ವಿಚಾರಣೆ ವೇಳೆ ಎಲ್ಲ ಬಾಯ್ಬಿಟ್ಟಿದ್ದಾನೆ’ ಎಂದು ಸಂಜೆ ಸುದ್ದಿಗೆ ಸಿಗುವುದು ಯಾರಿಂದ? ಆರೋಪಿಗೆ ಮುಸುಕು ಹಾಕದೆ ಮುಖ ತೋರಿಸಿಬಿಟ್ಟರೆ ಆಮೇಲೆ ಗುರುತು ಪತ್ತೆ ಪರೇಡಿಗೆ ಬರುವ ಸಾಕ್ಷಿಯನ್ನು ಪ್ರತಿವಾದಿ ವಕೀಲರು ಒಂದೇ ಪ್ರಶ್ನೆಯಲ್ಲಿ ಮಲಗಿಸುತ್ತಾರೆ: ‘ಇವನನ್ನು ಟೀವಿಯಲ್ಲಿ ನೋಡಿದ್ದಿರಿ ತಾನೆ?’

ಪಟ್ಟಣಗೆರೆಯ ಶೆಡ್ 2024ರಲ್ಲಿ ವಾರಗಟ್ಟಲೆ ನಮ್ಮ ಮನೆಗಳ ನಡುಮನೆಯಲ್ಲಿತ್ತು. ನಟ ದರ್ಶನ್ ಆರೋಪಿಯಾಗಿರುವ ಆ ಕೊಲೆ ಪ್ರಕರಣದಲ್ಲಿ ಆರೋಪಪಟ್ಟಿಯೊಳಗಿನ ವಿವರಗಳನ್ನು ಪ್ರಸಾರ ಮಾಡದಂತೆ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಮಾಧ್ಯಮಗಳನ್ನು ತಡೆಯಬೇಕಾಯಿತು. ಕಡತದೊಳಗಿನ ಫೋಟೋಗಳಿಗೆ ಕಾಲಿಲ್ಲ, ತಾವಾಗಿ ಸ್ಟುಡಿಯೋಗೆ ನಡೆದು ಹೋಗಲಾರವು. ಅದಕ್ಕೂ ಒಂದು ವರ್ಷ ಮೊದಲೇ, 2023ರ ಸೆಪ್ಟೆಂಬರ್‌ನಲ್ಲಿ, ಪೊಲೀಸರು ಮಾಧ್ಯಮದ ಮುಂದೆ ಎಷ್ಟು ಹೇಳಬೇಕು, ಎಷ್ಟು ಹೇಳಬಾರದು ಎಂಬುದಕ್ಕೆ ಕೈಪಿಡಿ ಮಾಡಿ ಎಂದು ಸುಪ್ರೀಂ ಕೋರ್ಟ್ ಕೇಂದ್ರ ಗೃಹ ಸಚಿವಾಲಯಕ್ಕೆ ಹೇಳಿತ್ತು. 2025ರಲ್ಲಿ ಧರ್ಮಸ್ಥಳದಲ್ಲಿ ಹೆಣ ಹೂತ ದೂರಿನ ಮೇಲೆ ಎಸ್‌ಐಟಿ ಅಗೆತ ಶುರುವಾದಾಗ ಗುರುತು ಮಾಡಿದ ಜಾಗಗಳ ಸಂಖ್ಯೆಗಳೇ ಕಂತುಗಳ ಸಂಖ್ಯೆಗಳಾದವು. ಏನು ಸಿಕ್ಕಿತು, ಏನು ಸಿಗಲಿಲ್ಲ ಎಂಬುದರ ಮೇಲೆ ಪ್ರತಿ ರಾತ್ರಿ ಒಂದೊಂದು ತೀರ್ಪು ಹೊರಬಿತ್ತು, ಒಂದು ರಾತ್ರಿಯದು ಮರುದಿನಕ್ಕೆ ಉಲ್ಟಾ.

ನಮ್ಮ ಬನಶಂಕರಿ ಕಡೆಯವರು ಮರೆಯದ ಪ್ರಕರಣವೊಂದಿದೆ. 2003ರ ಡಿಸೆಂಬರ್ 3ರಂದು ರಿಂಗ್ ರೋಡಿನಲ್ಲಿ, ವಿಮಾನ ಇಳಿಯುವುದನ್ನು ನೋಡಲು ನಿಂತಿದ್ದಾಗ, ಆಗಷ್ಟೇ ನಿಶ್ಚಿತಾರ್ಥವಾಗಿದ್ದ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬನ ಕೊಲೆಯಾಯಿತು. ಮದುವೆಯಾಗಬೇಕಿದ್ದ ಹುಡುಗಿಯೇ ಆರೋಪಿ. ನೋಡಿದ ಸಾಕ್ಷಿಯಿಲ್ಲ. ಪೊಲೀಸರು ಫೋನ್ ಕರೆಗಳ ಪಟ್ಟಿ ಹಿಡಿದು ಒಂದೊಂದೇ ಎಳೆ ಜೋಡಿಸಿದರು. ಬಾಗಿಲು ಒಡೆಯುವ ಹೀರೋಗಿರಿ ಇಲ್ಲದ, ತಾಳ್ಮೆಯ ಗುಮಾಸ್ತಿಕೆ ಅದು. ಆ ತನಿಖಾಧಿಕಾರಿಗಳಿಗೆ ಸಲ್ಲಬೇಕಾದ ಹೊಗಳಿಕೆ ಸಲ್ಲಲಿ. ಟೀವಿಗೆ, ಸಿನಿಮಾಕ್ಕೆ ಬೇಕಾಗಿದ್ದುದು ಬೇರೆ. ಈ ಪ್ರಕರಣದ ಕುರಿತ ‘ರಿಂಗ್ ರೋಡ್’ ಚಿತ್ರ ತೆರೆಗೆ ಬಂದಿದ್ದು 2015ರಲ್ಲಿ. ಸುಪ್ರೀಂ ಕೋರ್ಟಿನ ಅಂತಿಮ ತೀರ್ಪು ಬಂದಿದ್ದು 2025ರ ಜುಲೈನಲ್ಲಿ! ಕೋರ್ಟ್ ಶಿಕ್ಷೆಯನ್ನು ಎತ್ತಿಹಿಡಿಯಿತು. ಜೊತೆಗೆ, ಇಷ್ಟವಿಲ್ಲದ ಮದುವೆಗೆ ಮನೆಯವರು ನೂಕಿದ ಹುಡುಗಿಯ ದನಿ ಅಡಗಿದ್ದನ್ನೂ ಗಮನಿಸಿ, ರಾಜ್ಯಪಾಲರಲ್ಲಿ ಕ್ಷಮಾದಾನ ಕೇಳಲು ಕಾಲಾವಕಾಶ ಕೊಟ್ಟಿತು. ಇಪ್ಪತ್ತೆರಡು ವರ್ಷ ಗಲ್ಲಿ ಗಲ್ಲಿಯಲ್ಲಿ ಓಡಾಡಿದ ‘ಪಾಪಿ ಹುಡುಗಿ’ಯ ಕಥೆಯಲ್ಲಿ ಈ ಎರಡನೆಯ ಭಾಗಕ್ಕೆ ಜಾಗವಿರಲಿಲ್ಲ. ತೀರ್ಪಿಗೆ ಕಾಯಬೇಕಾಗಿ ಬಂದ ಚಿತ್ರವೂ ಉಂಟು: ಮುಂಬೈ ಸ್ಫೋಟಗಳ ಕುರಿತ ‘ಬ್ಲ್ಯಾಕ್ ಫ್ರೈಡೇ’ ಚಿತ್ರವನ್ನು ಬಾಂಬೆ ಹೈಕೋರ್ಟ್ ಟಾಡಾ ಕೋರ್ಟಿನ ತೀರ್ಪು ಬರುವತನಕ ತಡೆಹಿಡಿದಿತ್ತು. ಎಲ್ಲ ಚಿತ್ರಗಳನ್ನೂ ಹಾಗೆ ತಡೆಯಬೇಕೆಂದು ನಾನು ಕೇಳಲಾರೆ. ಕಥೆ ಹೇಳುವವರಿಗೆ ಹೇಳುವ ಹಕ್ಕಿದೆ. ಕಡತ ಕಾಯುವವರಿಗೆ ಕಾಯುವ ಕರ್ತವ್ಯವಿದೆ, ನನ್ನ ಜಗಳ ಈ ಎರಡನೆಯವರೊಂದಿಗೆ.

ಈಗ ಮಡಿವಾಳಕ್ಕೆ ಬರೋಣ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3) ಪ್ರಕಾರ, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧ ನಡೆದ ಜಾಗಕ್ಕೆ ವಿಧಿವಿಜ್ಞಾನ ತಜ್ಞರು ಹೋಗಲೇಬೇಕು. ಇದಕ್ಕೆ ಸಜ್ಜಾಗಲು ರಾಜ್ಯಗಳಿಗೆ ಐದು ವರ್ಷದ ಗಡುವಿದೆ. 105ನೇ ಸೆಕ್ಷನ್ನಿನಂತೆ ಶೋಧ, ಜಪ್ತಿ ಎಲ್ಲ ವಿಡಿಯೋ ಆಗಬೇಕು. ಟೀವಿ ತೋರಿಸುತ್ತಿದ್ದುದೇ ಕಾನೂನಾಗಿ ಬಂದಂತಾಯಿತು. ಆದರೆ ಟೀವಿ ತೋರಿಸದ ಕೆಲಸಗಳೂ ಇವೆ. ರಕ್ತದ ಬಟ್ಟೆಯನ್ನು ಒಣಗಿಸಿ, ಪಂಚರೆದುರು ಸೀಲು ಮಾಡಿ, ಯಾರ ಕೈಯಿಂದ ಯಾರ ಕೈಗೆ ಹೋಯಿತೆಂದು ಬರೆದಿಟ್ಟು ಲ್ಯಾಬಿಗೆ ಮುಟ್ಟಿಸಬೇಕು. ಸಿಸಿಟಿವಿ ತುಣುಕಿಗೆ ಪ್ರಮಾಣಪತ್ರ ಬೇಕು, ಅದಿಲ್ಲದಿದ್ದರೆ ಅದು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಮಹಜರಿನಲ್ಲಿ ಒಂದು ಹೊತ್ತು ತಪ್ಪು ಬರೆದರೆ ಪಾಟೀಸವಾಲಿನಲ್ಲಿ ಇಡೀ ಕೇಸು ಬೀಳಬಹುದು. ಇಷ್ಟೆಲ್ಲ ಸರಿಯಾಗಿ ನಡೆದ ಮೇಲೂ ಕೋರ್ಟ್ ಹಾಲಿನಲ್ಲಿ ಕೇಳಿಬರುವ ಮಾತು, ‘ಎಫ್‌ಎಸ್‌ಎಲ್ ರಿಪೋರ್ಟ್ ಬಂದಿಲ್ಲ ಸ್ವಾಮಿ, ವಾಯಿದೆ ಕೊಡಿ’. ಒಂದು ವಾಯಿದೆಯಿಂದ ಇನ್ನೊಂದು ವಾಯಿದೆಯವರೆಗೆ ವಿಚಾರಣಾಧೀನ ಕೈದಿ ಪರಪ್ಪನ ಅಗ್ರಹಾರದಲ್ಲಿ ಕೂತಿರುತ್ತಾನೆ, ದೂರುದಾರರು ಕೋರ್ಟಿನ ಕಾರಿಡಾರಿನಲ್ಲಿ ಕೂತಿರುತ್ತಾರೆ. ಲ್ಯಾಬಿನ ವಿಳಂಬ ಮತ್ತು ಖಾಲಿ ಹುದ್ದೆಗಳ ವಿಷಯ ನಮ್ಮ ಹೈಕೋರ್ಟಿನವರೆಗೂ ಹೋಗಿದೆ.

ಹಾಗಾಗಿ ನಾನು ಕೇಳುವುದು ಚಿಕ್ಕದು, ಆದರೆ ಕ್ಯಾಮೆರಾ ಮುಂದೆ ಅಷ್ಟೇನೂ ಕಳೆಗಟ್ಟದ್ದು. ಮಡಿವಾಳದಲ್ಲಿ ಮತ್ತು ಜಿಲ್ಲೆಗಳ ಲ್ಯಾಬುಗಳಲ್ಲಿ ಎಷ್ಟು ಮಾದರಿಗಳು ಬಾಕಿಯಿವೆ, ಯಾವ ವಿಭಾಗದಲ್ಲಿ ಎಷ್ಟು ತಿಂಗಳಿಂದ, ಎಷ್ಟು ಹುದ್ದೆ ಖಾಲಿ, ಇದನ್ನು ಪ್ರತಿ ತಿಂಗಳು ಪ್ರಕಟಿಸಿ. ಆರೋಪಪಟ್ಟಿ ಸೋರಿದ ಒಂದೇ ಒಂದು ಪ್ರಕರಣದಲ್ಲಾದರೂ ಸೋರಿಸಿದವರು ಯಾರೆಂದು ತನಿಖೆ ಮಾಡಿಸಿ, ಫಲಿತಾಂಶ ಹೇಳಿ. ಬೆಂಗಳೂರಿನ ಪ್ರತಿ ಡಿಸಿಪಿ ಕಚೇರಿಯಲ್ಲಿ ಪತ್ರಿಕಾಗೋಷ್ಠಿಗೆ ಮುನ್ನ ಒಬ್ಬ ಸರ್ಕಾರಿ ಅಭಿಯೋಜಕರು ಅಲ್ಲಿ ಹೇಳಲಿರುವುದರ ಟಿಪ್ಪಣಿ ಓದಲಿ. ಇಷ್ಟಕ್ಕೆ ಹೊಸ ಕಾನೂನು ಬೇಡ, ನಿಮ್ಮ ಒಂದು ಸುತ್ತೋಲೆ ಸಾಕು. ಮುಂದಿನ ಅಧಿವೇಶನದಲ್ಲಿ ನಮ್ಮ ದಕ್ಷಿಣ ಬೆಂಗಳೂರಿನ ಶಾಸಕರಲ್ಲಿ ಯಾರಾದರೂ ಈ ಪ್ರಶ್ನೆಗಳನ್ನು ಕೇಳಲಿ ಎಂದು ಈ ಪತ್ರದ ಪ್ರತಿಯನ್ನು ಅವರಿಗೂ ಕಳಿಸುತ್ತಿದ್ದೇನೆ. ಉತ್ತರವನ್ನು ಸದನದಲ್ಲೇ ಲಿಖಿತವಾಗಿ ಕೊಡಿ.

ಇತಿ,
ಜೆ.ಪಿ. ನಗರದ ಒಬ್ಬ ಮತದಾರ